ತಲೆ ಬೋಳಿಸದೆ ಕೂದಲು ಕಸಿ: ಯಾರಿಗೆ ಹೇಳಬೇಕು, ಯಾರಿಗೆ ಬೇಡ

"ಮೇಡಂ, ತಲೆ ಬೋಳಿಸದೇನೇ ಕೂದಲು ಕಸಿ ಮಾಡ್ತಾರಂತೆ. ಹಾಗೆ ಮಾಡಿಸಿದರೆ ಮನೆಯವರಿಗೂ ಗೊತ್ತಾಗಲ್ಲ ಅಲ್ವಾ?"

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದು ಕೂತವರು ಕೇಳಿದ ಮೊದಲ ಮಾತು ಇದು. ವಯಸ್ಸು 38. ಮದುವೆಯಾಗಿ 11 ವರ್ಷ. ಎಂಟು ವರ್ಷದ ಒಬ್ಬಳು ಮಗಳು. ದಿನವೂ ಹತ್ತಾರು ಜನರ ಮುಂದೆ ನಿಂತು ಮಾತಾಡುವ ಕೆಲಸ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. "ಕೂದಲು ಹೋದರೆ ಹೋಗಲಿ ಬಿಡಿ, ನಿಮ್ಮನ್ನು ಪ್ರೀತಿಸುವವರಿಗೆ ಅದು ಲೆಕ್ಕಕ್ಕೇ ಇಲ್ಲ" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಮೂರು ವಾರ ಬರಲಿಲ್ಲ. ಮತ್ತೆ ಬಂದಾಗ ಹೇಳಿದರು: "ಎಲ್ಲರೂ ಇದನ್ನೇ ಹೇಳ್ತಾರೆ ಮೇಡಂ. ಕೇಳಿಸಿಕೊಂಡು ಮನೆಗೆ ಹೋಗಿ ಮತ್ತೆ ಕನ್ನಡಿ ಮುಂದೆ ನಿಲ್ಲೋದು ನಾನೇ ಅಲ್ವಾ?" ನಾನು ಕ್ಷಮೆ ಕೇಳಿದೆ. ಅವತ್ತು ಸಲಹೆ ಏನೂ ಕೊಡಲಿಲ್ಲ. ಸುಮ್ನೆ ಕೇಳಿಸಿಕೊಂಡೆ.

ನಾಲ್ಕು ವರ್ಷದಿಂದ ಅವರು ತಲೆಗೆ ಹೇರ್ ಫೈಬರ್ ಹಾಕುತ್ತಿದ್ದರು. ಕೂದಲಿನದೇ ಬಣ್ಣದ, ಕೆರಾಟಿನ್‌ನಿಂದ ಮಾಡಿದ ಸಣ್ಣ ಪುಡಿ ಅದು. ಇರುವ ಕೂದಲಿಗೆ ಅಂಟಿಕೊಂಡು ತೆಳ್ಳಗಾದ ಜಾಗವನ್ನು ದಟ್ಟವಾಗಿ ಕಾಣಿಸುತ್ತದೆ. ಮನೆಯವರು ಏಳುವ ಮೊದಲೇ ಎದ್ದು, ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಅರ್ಧ ಗಂಟೆ ಆ ಕೆಲಸ. ಮಳೆ ಬಂದರೆ ಭಯ, ಬೆವರು ಬಂದರೆ ಭಯ. ಫ್ಯಾನಿನ ಕೆಳಗೆ ಕೂರುವುದಿಲ್ಲ. ಈಜು ಬಿಟ್ಟೇ ಬಿಟ್ಟಿದ್ದರು. ಇದನ್ನೆಲ್ಲ ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇತ್ತು. ಮಗಳ ವಿಷಯ ಬಂದಾಗ ಮಾತ್ರ ತಡವರಿಸಿದರು. ಅವಳು ಅಪ್ಪನ ಹೆಗಲೇರಿ ತಲೆ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಅವಳ ಅಂಗೈಗೆ ಕಪ್ಪು ಪುಡಿ ಅಂಟಿತು. ಅಂದಿನಿಂದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಿಲ್ಲ. "ಬೆನ್ನು ನೋವು ಅಂತ ಹೇಳಿದ್ದೀನಿ" ಎಂದರು.

ಕೂದಲಿನ ಬಗ್ಗೆ ಇಷ್ಟು ನೋವಿದ್ದಾಗ ನಾನು ತಪ್ಪದೆ ನೋಡುವುದು ಒಂದಿದೆ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ತೊಂದರೆ ಇದ್ದವರಿಗೆ, ಬೇರೆಯವರ ಕಣ್ಣಿಗೆ ಬೀಳದ ಅಥವಾ ತೀರಾ ಸಣ್ಣ ಕೊರತೆಯೇ ಬದುಕನ್ನೆಲ್ಲ ಆವರಿಸಿಬಿಡುತ್ತದೆ. ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ನೆಮ್ಮದಿ ಸಿಗುವುದು ಕಡಿಮೆ. ಒಂದು ಸರಿಹೋದರೆ ಇನ್ನೊಂದು ಕಾಣಿಸುತ್ತದೆ. ಅವರಿಗೆ ಬೇಕಾದದ್ದು ಮನೋವೈದ್ಯರ ಔಷಧಿ ಮತ್ತು ಯೋಚನೆ, ನಡವಳಿಕೆಯ ರೀತಿಯನ್ನು ಮಾತಿನ ಮೂಲಕ ಬದಲಿಸುವ ಅರಿವಿನ ವರ್ತನಾ ಚಿಕಿತ್ಸೆ. ಹಾಗಾಗಿ ದಿನಕ್ಕೆ ಎಷ್ಟು ಹೊತ್ತು ಇದೇ ಯೋಚನೆ, ಕೆಲಸಕ್ಕೆ ಹೋಗದೆ ಉಳಿದದ್ದಿದೆಯಾ, ಮೈಯ ಬೇರೆ ಯಾವುದಾದರೂ ಭಾಗದ ಬಗ್ಗೆಯೂ ಹೀಗೇ ಅನಿಸುತ್ತದಾ, ಬದುಕೇ ಬೇಡ ಅನಿಸಿದ್ದುಂಟಾ ಎಂದೆಲ್ಲ ಕೇಳಿದೆ. ಅವರ ಕೂದಲು ನಿಜಕ್ಕೂ ಹೋಗಿತ್ತು. ಹಣೆಯ ಎರಡೂ ಬದಿ ಹಿಂದಕ್ಕೆ ಸರಿದಿತ್ತು, ನೆತ್ತಿ ತೆಳ್ಳಗಾಗಿತ್ತು. ಪುಡಿ ಹಾಕಿದ ಮೇಲೆ ದಿನದ ಕೆಲಸ ಸರಾಗವಾಗಿ ನಡೆಯುತ್ತಿತ್ತು. ಇದು ಆ ತೊಂದರೆಯಲ್ಲ ಎಂದು ನನಗೆ ಅನಿಸಿತು. ಆದರೆ ಆರು ವರ್ಷದ ಹಿಂದೆ ಕೆಲವು ತಿಂಗಳು ಖಿನ್ನತೆಗೆ ಮಾತ್ರೆ ತಗೊಂಡಿದ್ದೆ ಎಂದರು. ಅದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಂಡೆ.

ಮೊದಲು ಕಸಿ ಮಾಡುವ ಕ್ಲಿನಿಕ್ಕಿಗಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗಿ ಎಂದೆ. ಕೂದಲು ಉದುರಲು ಕಾರಣ ಒಂದೇ ಅಲ್ಲ. ದೊಡ್ಡ ಜ್ವರ ಬಂದು ಎರಡು ಮೂರು ತಿಂಗಳ ಮೇಲೆ ಉದುರುವ ಕೂದಲು ತಾನಾಗಿಯೇ ವಾಪಸು ಬರುತ್ತದೆ, ಅದಕ್ಕೆ ಕಸಿ ಬೇಕಿಲ್ಲ. ಇವರದು ವಂಶದಿಂದ ಬಂದದ್ದು. ಡಿಎಚ್‌ಟಿ ಎಂಬ ಹಾರ್ಮೋನಿಗೆ ಹಣೆ ಮತ್ತು ನೆತ್ತಿಯ ಕೂದಲ ಬುಡಗಳು ಸೊರಗುತ್ತಾ ಹೋಗುತ್ತವೆ. ತಲೆಯ ಹಿಂಭಾಗದವು ಹಾಗೆ ಸೊರಗುವುದಿಲ್ಲ. ಅಲ್ಲಿಂದ ಕಿತ್ತು ಮುಂದೆ ನೆಟ್ಟರೂ ಅವು ತಮ್ಮ ಗುಣ ಬಿಡುವುದಿಲ್ಲ. ನಾರ್ಮನ್ ಒರೆಂಟ್ರಿಚ್ ಎಂಬ ಅಮೆರಿಕದ ಡಾಕ್ಟರ್ 1959ರಲ್ಲಿ ಇದನ್ನು ಬರೆದು ತೋರಿಸಿದರು. ಇಂದಿನ ಕಸಿಯೆಲ್ಲ ನಿಂತಿರುವುದು ಇದರ ಮೇಲೆ. ಆದರೆ ಹಿಂಭಾಗದ ಆ ಉಗ್ರಾಣ ಒಮ್ಮೆ ಖಾಲಿಯಾದರೆ ಮತ್ತೆ ತುಂಬುವುದಿಲ್ಲ. 38ಕ್ಕೆ ಎಷ್ಟು ಖರ್ಚು ಮಾಡುತ್ತೇವೆ, 50ಕ್ಕೆ ಎಷ್ಟು ಉಳಿಸುತ್ತೇವೆ ಎಂಬ ಲೆಕ್ಕ ಇಟ್ಟುಕೊಂಡೇ ಶುರು ಮಾಡಬೇಕು.

ತಲೆ ಬೋಳಿಸದೆ ಮಾಡುವುದು ಸುಳ್ಳಲ್ಲ. ಡಾಕ್ಟರ್ ಅವರಿಗೆ ಮೂರು ದಾರಿ ಹೇಳಿದರು. ಹಿಂಭಾಗದಲ್ಲಿ ಒಂದು ಪಟ್ಟಿಯಷ್ಟು ಜಾಗದ ಕೂದಲು ಮಾತ್ರ ಕತ್ತರಿಸಿ, ಮೇಲಿನ ಉದ್ದ ಕೂದಲನ್ನು ಅದರ ಮೇಲೆ ಇಳಿಬಿಡುವುದು ಒಂದು. ಬೇಕಾದ ಕೂದಲನ್ನಷ್ಟೇ ಒಂದೊಂದಾಗಿ ಆರಿಸಿ ಗಿಡ್ಡ ಮಾಡಿ ತೆಗೆಯುವುದು ಇನ್ನೊಂದು. ಉದ್ದ ಕೂದಲನ್ನು ಉದ್ದವಾಗಿಯೇ ತೆಗೆದು ನೆಡುವುದು ಮೂರನೆಯದು. ಚರ್ಮದ ಪಟ್ಟಿಯನ್ನೇ ತೆಗೆದು ಹೊಲಿಗೆ ಹಾಕುವ ಹಳೆಯ ಪದ್ಧತಿಯಲ್ಲೂ ಇಡೀ ತಲೆ ಬೋಳಿಸಬೇಕಿಲ್ಲ, ಆದರೆ ಉದ್ದ ಗೆರೆಯಂಥ ಗುರುತು ಉಳಿಯುತ್ತದೆ. ಬೋಳಿಸದ ಕೆಲಸ ನಿಧಾನ. ಕೂದಲ ಬುಡ ತೆಗೆಯುವ ಸೂಜಿಯಂಥ ಉಪಕರಣದ ಬಾಯಿ ಒಂದು ಮಿಲಿಮೀಟರಿನಷ್ಟು, ಇಲ್ಲವೇ ಅದಕ್ಕೂ ಚಿಕ್ಕದು. ಸುತ್ತ ಉದ್ದ ಕೂದಲಿದ್ದಾಗ ಗುರಿ ತಪ್ಪಿ ಬುಡ ಕತ್ತರಿಸಿ ಹೋಗುವ ಸಾಧ್ಯತೆ ಜಾಸ್ತಿ. ಒಂದೇ ದಿನದಲ್ಲಿ ತೆಗೆಯಬಹುದಾದ ಸಂಖ್ಯೆ ಕಡಿಮೆ. ಖರ್ಚೂ ಹೆಚ್ಚು. ಗುಟ್ಟು ಉಳಿಸಿಕೊಳ್ಳುವುದಕ್ಕೆ ತಲೆಯೇ ಬೆಲೆ ಕೊಡಬೇಕಾಗಬಹುದು. ಇದನ್ನು ಡಾಕ್ಟರ್ ನೇರವಾಗಿ ಹೇಳಿದ್ದು ನನಗೆ ತುಂಬ ಹಿಡಿಸಿತು.

ಆ ಭೇಟಿಯ ಮೊದಲು ನಾನು ಅವರಿಗೆ ಕೆಲವು ಪ್ರಶ್ನೆ ಬರೆದು ಕೊಟ್ಟಿದ್ದೆ. ಬುಡ ತೆಗೆಯುವುದು, ನೆಡಲು ತೂತು ಮಾಡುವುದು ಡಾಕ್ಟರೇನಾ ಅಥವಾ ಸಹಾಯಕರಾ? ಇದೇ ಪದ್ಧತಿಯಲ್ಲಿ ಮಾಡಿದವರ ಒಂದು ವರ್ಷದ ಮೇಲಿನ ಫೋಟೊ ಇದೆಯಾ? ಬೋಳಿಸಿ ಮಾಡಿದರೆ ನನಗೆ ಎಷ್ಟು ಲಾಭ? 'ನಿಮಗೆ ಈಗ ಕಸಿ ಬೇಡ' ಎಂದು ಯಾರಿಗಾದರೂ ಹೇಳಿದ್ದೀರಾ? ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ತಡವರಿಸುವ ಕಡೆಗೆ ಹೋಗಬೇಡಿ ಎಂದಿದ್ದೆ.

ಇನ್ನು ಗುಟ್ಟಿನ ವಿಷಯ. ನಾವು ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆಯೇ.

ಅವರ ಯೋಜನೆ ಹೀಗಿತ್ತು. ಕೆಲಸದ ತರಬೇತಿ ಎಂದು ಮನೆಯಲ್ಲಿ ಹೇಳಿ ಹತ್ತು ದಿನ ಬೇರೆ ಊರಿನಲ್ಲಿ ಒಬ್ಬರೇ ಇರುವುದು. ದುಡ್ಡಿಗೆ ಹೆಂಡತಿಗೆ ಗೊತ್ತಾಗದ ಸಾಲ. ನಾನು ಬೇಡ ಎನ್ನಲಿಲ್ಲ. ಒಂದು ಹಾಳೆ ಕೊಟ್ಟು, ಕಸಿಯ ದಿನದಿಂದ ಒಂದು ವರ್ಷದ ತನಕ ಏನೇನಾಗುತ್ತದೆ ಎಂದು ಅವರ ಕೈಯಲ್ಲೇ ಬರೆಸಿದೆ. ಮೊದಲ ಕೆಲವು ರಾತ್ರಿ ತಲೆ ಎತ್ತರದಲ್ಲಿಟ್ಟು ಮಲಗಬೇಕು. ಎರಡನೇ ಮೂರನೇ ದಿನಕ್ಕೆ ಹಣೆ ಊದಬಹುದು, ಊತ ಕಣ್ಣಿನ ತನಕ ಇಳಿಯಬಹುದು. ನೆಟ್ಟ ಜಾಗದ ಹಕ್ಕಳೆ ಬಿದ್ದುಹೋಗಲು ಏಳರಿಂದ ಹತ್ತು ದಿನ ಬೇಕು. ಕೆಂಪು ಇನ್ನೂ ಕೆಲವು ವಾರ ಉಳಿಯಬಹುದು. ಹಿಂಭಾಗ ಬೋಳಿಸದಿದ್ದರೂ ಮುಂಭಾಗದ ಕೆಂಪನ್ನು ಯಾವ ಪದ್ಧತಿಯೂ ಪೂರ್ತಿ ಮುಚ್ಚುವುದಿಲ್ಲ. ಎರಡರಿಂದ ಆರು ವಾರದೊಳಗೆ ನೆಟ್ಟ ಕೂದಲು ಬಹುಪಾಲು ಉದುರುತ್ತದೆ. ಬುಡ ಒಳಗೇ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ಹೊಸದು ಮೂಡುತ್ತದೆ. ಪೂರ್ತಿ ಕಾಣಲು 12 ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು.

ಬರೆಯುತ್ತಾ ಬರೆಯುತ್ತಾ ಅವರೇ ಒಂದು ಕಡೆ ಪೆನ್ನು ನಿಲ್ಲಿಸಿದರು. ಡಾಕ್ಟರ್ ಒಪ್ಪುವ ತನಕ ಹೇರ್ ಫೈಬರ್ ಹಾಕುವಂತಿಲ್ಲ. "ಹಾಗಾದರೆ ಪುಡಿ ಇಲ್ಲದ ನನ್ನ ತಲೆ ಮನೆಯಲ್ಲಿ ಎಲ್ಲರೂ ನೋಡ್ತಾರೆ" ಎಂದರು. ತುಂಬ ಹೊತ್ತು ಸುಮ್ಮನೆ ಕೂತಿದ್ದರು.

ಆಗ ನಾನು ನನ್ನ ಅಭಿಪ್ರಾಯ ಹೇಳಿದೆ. ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ. ನಿಮ್ಮ ಮೈಗೆ ಏನು ಮಾಡಿಸಿದಿರಿ ಎಂದು ಕೆಲಸದ ಜಾಗದವರಿಗೆ ತಿಳಿಯಬೇಕಾಗಿಲ್ಲ. ನೆಂಟರಿಗೂ ಬೇಕಿಲ್ಲ. ಅಲ್ಲಿ ಗುಟ್ಟಾಗಿಡಲು ನಿಮಗೆ ಪೂರ್ತಿ ಹಕ್ಕಿದೆ. ಆದರೆ ಒಂದೇ ಮನೆಯಲ್ಲಿ ಮಲಗಿ ಏಳುವವರಿಂದ ಮುಚ್ಚಿಡಲು ಒಂದು ವರ್ಷ ಸುಳ್ಳಿನ ಮೇಲೆ ಸುಳ್ಳು ಬೇಕು. ರಾತ್ರಿ ಕಣ್ಣು ಊದಿದಾಗ, ರಕ್ತ ಒಸರಿದಾಗ ಪಕ್ಕದಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ಯಾರು ಎಂದು ನೀವೇ ಹೇಳಿ.

ಅವರು ಹೆಂಡತಿಯ ಹೆಸರು ಹೇಳಿದರು.

ಹೇಗೆ ಹೇಳಬೇಕು ಎಂದು ಇಬ್ಬರೂ ಸೇರಿ ಅಭ್ಯಾಸ ಮಾಡಿದೆವು. ಉದ್ದ ಪೀಠಿಕೆ ಬೇಡ, ರಾತ್ರಿ ಮಗಳು ಮಲಗಿದ ಮೇಲೆ, ಪುಡಿ ತೊಳೆದುಕೊಂಡು ಹೋಗಿ ಕೂರಿ, ತಲೆ ತೋರಿಸಿ ಆಮೇಲೆ ಮಾತಾಡಿ ಎಂದೆ. ಹಾಗೇ ಮಾಡಿದರು. ಅವರು ಅಂದುಕೊಂಡಂತೆ ಹೆಂಡತಿ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಿಟ್ಟಾದರು. "ನಾಲ್ಕು ವರ್ಷ ದಿನಾ ಬೆಳಿಗ್ಗೆ ಬಾಗಿಲು ಹಾಕ್ಕೊಂಡು ಏನು ಮಾಡ್ತೀರಿ ಅಂತ ನಾನು ಏನೇನೋ ಅಂದುಕೊಂಡಿದ್ದೆ. ಯಾರ ಜೊತೆ ಮಾತಾಡ್ತೀರೋ ಅಂತ." ಎರಡು ದಿನ ಮಾತಿಲ್ಲ. ತಮ್ಮ ತಲೆಯ ಬಗ್ಗೆ ಒಬ್ಬರು ಹೆದರುತ್ತಿದ್ದ ಅದೇ ಮನೆಯಲ್ಲಿ ಇನ್ನೊಬ್ಬರು ತಮ್ಮ ಮದುವೆಯ ಬಗ್ಗೆ ಹೆದರುತ್ತಿದ್ದರು. ಇದನ್ನು ನಾನು ಊಹಿಸಿರಲಿಲ್ಲ, ಊಹಿಸಬೇಕಿತ್ತು.

ಮುಂದಿನ ಭೇಟಿಗೆ ಹೆಂಡತಿಯೂ ಬಂದರು. ಅವರ ಚಿಂತೆ ಔಷಧಿಯದ್ದು. ಕಸಿ ಮಾಡಿದ ಕೂದಲು ಉಳಿದರೂ ಸುತ್ತಲಿನ ಹಳೆ ಕೂದಲು ಉದುರುತ್ತಲೇ ಇರುತ್ತದೆ. ಅದನ್ನು ತಡೆಯಲು ಡಾಕ್ಟರ್ ಮಿನಾಕ್ಸಿಡಿಲ್ ಮತ್ತು ಫಿನಾಸ್ಟರೈಡ್ ಬಗ್ಗೆ ಮಾತಾಡಿದ್ದರು. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದುಂಟು, ಮನಸ್ಸು ಕುಸಿದದ್ದೂ ವರದಿಯಾಗಿದೆ. ಹಳೆಯ ಖಿನ್ನತೆಯ ವಿಷಯವನ್ನು ಗಂಡ ಡಾಕ್ಟರಿಗೆ ಹೇಳಿಯೇ ಇರಲಿಲ್ಲ! ಅವತ್ತೇ ಫೋನ್ ಮಾಡಿಸಿದೆ. ಡಾಕ್ಟರ್ ಫಿನಾಸ್ಟರೈಡ್ ಬಿಟ್ಟು, ಹಚ್ಚುವ ಮಿನಾಕ್ಸಿಡಿಲ್ ಮಾತ್ರ ಶುರು ಮಾಡಿಸಿದರು. ಇದನ್ನು ಓದುತ್ತಿರುವವರಿಗೆ ಕೈಮುಗಿದು ಕೇಳುತ್ತೇನೆ. ನಿಮ್ಮ ಮನಸ್ಸಿನ ಹಳೆ ಕಾಯಿಲೆಯನ್ನು ಕೂದಲಿನ ಡಾಕ್ಟರಿಂದ ಮುಚ್ಚಿಡಬೇಡಿ.

ಕೊನೆಗೆ ಆರಿಸಿಕೊಂಡದ್ದು ಪಟ್ಟಿಯಷ್ಟು ಜಾಗದ ಕೂದಲು ಮಾತ್ರ ಕತ್ತರಿಸುವ ಪದ್ಧತಿ, ಅದೂ ಹಣೆಯ ಸಾಲಿಗಷ್ಟೇ. ನೆತ್ತಿಯನ್ನು ಈಗ ಮುಟ್ಟುವುದು ಬೇಡ ಎಂದು ಡಾಕ್ಟರ್ ಹೇಳಿದರು, ಇವರೂ ಒಪ್ಪಿದರು. ಹಿಂಭಾಗದ ಕೂದಲು ಮುಚ್ಚುವಷ್ಟು ಬೆಳೆಯಲೆಂದು ಮೊದಲೇ ನಾಲ್ಕು ತಿಂಗಳು ಕತ್ತರಿ ಹಾಕಿಸಲಿಲ್ಲ. ಸಾಲ ಮಾಡಲಿಲ್ಲ, ಇಬ್ಬರೂ ಕೂತು ಲೆಕ್ಕ ಹಾಕಿದರು. ಎರಡು ವಾರ ರಜೆ ಹಾಕಿದರು. ಕೆಲಸದ ಜಾಗಕ್ಕೆ ಒಂದೇ ವಾಕ್ಯ ಸಿದ್ಧ ಮಾಡಿದೆವು: "ತಲೆಯ ಚರ್ಮಕ್ಕೆ ಒಂದು ಚಿಕಿತ್ಸೆ ಇತ್ತು, ಈಗ ಪರವಾಗಿಲ್ಲ." ಅದು ನಿಜ. ಅಷ್ಟು ಹೇಳಿ ಬೇರೆ ಮಾತಿಗೆ ಹೋಗಿ ಎಂದೆ. ಕೇಳಿದವರು ಇಬ್ಬರೇ ಅಂತೆ. ಇಬ್ಬರೂ ಮುಂದೆ ಏನೂ ಕೇಳಲಿಲ್ಲ.

ಕಸಿಯಾದ ನಾಲ್ಕನೇ ವಾರದಲ್ಲಿ ರಾತ್ರಿ ಫೋನ್ ಬಂತು. "ಮೇಡಂ, ಎಲ್ಲ ಉದುರಿಹೋಯ್ತು." ಮೊದಲೇ ತಮ್ಮ ಕೈಯಲ್ಲೇ ಬರೆದಿದ್ದರೂ ಕಣ್ಣಾರೆ ನೋಡಿದಾಗ ಎದೆ ಒಡೆದಿತ್ತು. ಆ ಹಾಳೆ ತೆಗೆದು ಓದಿ ಎಂದೆ. ನೋವು, ಕೀವು, ಜ್ವರ ಇಲ್ಲ ಎಂದು ಖಚಿತ ಮಾಡಿಕೊಂಡೆ. ಆದರೂ ಬೆಳಿಗ್ಗೆ ಡಾಕ್ಟರಿಗೆ ಫೋಟೊ ಕಳಿಸಿ ಎಂದೆ. ಫೋನನ್ನು ಹೆಂಡತಿ ಇಸಿದುಕೊಂಡು, "ನಾನು ಇದ್ದೀನಿ ಮೇಡಂ, ನೀವು ಮಲಗಿ" ಎಂದರು.

ಈಗ ಐದು ತಿಂಗಳು. ಹಣೆಯ ಮೇಲೆ ಸಣ್ಣ ಸಣ್ಣ ಕೂದಲು ಮೂಡಿದೆ, ಇನ್ನೂ ತೆಳ್ಳಗಿದೆ. ನೆತ್ತಿಗೆ ಪುಡಿ ಹಾಕುವುದನ್ನು ಪೂರ್ತಿ ಬಿಟ್ಟಿಲ್ಲ, ಕೆಲಸಕ್ಕೆ ಹೋಗುವಾಗ ಹಾಕುತ್ತಾರೆ. ಮನೆಯಲ್ಲಿ ಹಾಕುವುದಿಲ್ಲ. ಕಳೆದ ಭಾನುವಾರ ಮಗಳು ತಾನೇ ಬಂದು ಹೆಗಲೇರಿದಳಂತೆ. ತಲೆ ಹಿಡಿದುಕೊಂಡು, "ಅಪ್ಪಾ, ಬೆನ್ನು ನೋವು ಹೋಯ್ತಾ?" ಎಂದು ಕೇಳಿದಳಂತೆ.