ಶುಗರ್ ಗ್ಲೈಡರ್ ಹತ್ತಿರ ಹೋದರೆ ಕಿರುಚುತ್ತದೆ, ಏನು ಮಾಡಲಿ?

ಪ್ರಶ್ನೆ: ಊರು ಬಿಟ್ಟು ಹೊರಟಿದ್ದ ಒಂದು ಕುಟುಂಬದಿಂದ ಹೋದ ತಿಂಗಳು ಒಂದು ಗಂಡು ಶುಗರ್ ಗ್ಲೈಡರನ್ನು (ಮರದಿಂದ ಮರಕ್ಕೆ ತೇಲಿ ಹೋಗುವ, ರಾತ್ರಿ ಎಚ್ಚರವಿದ್ದು ಹಗಲು ಮಲಗುವ, ಅಳಿಲಿನಂಥ ಪುಟ್ಟ ಪ್ರಾಣಿ) ದತ್ತು ತೆಗೆದುಕೊಂಡೆವು. ಪಂಜರದೊಳಗೆ ಕೈ ಹಾಕಿದರೆ ಸಾಕು, ಕರಕರ ಅಂತ ಜೋರಾಗಿ ಕಿರುಚುತ್ತದೆ. ಬೆರಳನ್ನೂ ಕಚ್ಚಿದೆ. ಮಗಳು ಸ್ಕೂಲಿಂದ ಬಂದ ಕೂಡಲೇ ಎತ್ತಿಕೊಳ್ಳಲು ಹೋಗುತ್ತಾಳೆ, ಆಗಂತೂ ಇನ್ನೂ ಜಾಸ್ತಿ. ಅದಕ್ಕೆ ನಮ್ಮನ್ನು ಕಂಡರೆ ಆಗೋದೇ ಇಲ್ವಾ?
- ಓದುಗರೊಬ್ಬರು, ಡಲ್ಲಾಸ್, ಟೆಕ್ಸಾಸ್

ಉತ್ತರ: ಅದಕ್ಕೆ ಭಯ ಅಷ್ಟೇ. ಆ ಕಿರುಚಾಟ ಬರುವುದೇ ಹೆದರಿದಾಗ. ನೂರು, ನೂರೈವತ್ತು ಗ್ರಾಂ ತೂಕದ ಜೀವ ಅದು, ಆಸ್ಟ್ರೇಲಿಯಾದ ಕಾಡಿನಲ್ಲಿ ಇದರ ಬಂಧುಗಳನ್ನು ಗೂಬೆ ಮೇಲಿಂದ ಎರಗಿ ಹಿಡಿಯುತ್ತದೆ, ಹಾಗಾಗಿ ಮೇಲಿಂದ ಇಳಿದು ಬರುವ ಕೈ ಅದಕ್ಕೆ ಇನ್ನೊಂದು ಗೂಬೆ. ಕೈಯನ್ನು ಕೆಳಗಿಂದ, ನಿಧಾನವಾಗಿ ಚಾಚಿ. ಹಿಡಿಯಬೇಡಿ, ಅದೇ ಹತ್ತಲಿ.

ಮಗಳು ಬರುವ ಹೊತ್ತಿದೆಯಲ್ಲ, ಅದು ಅದರ ಗಾಢ ನಿದ್ದೆಯ ಸಮಯ. ನಮ್ಮನ್ನು ನಡುರಾತ್ರಿ ಯಾರೋ ಎಳೆದು ಎಬ್ಬಿಸಿದ ಹಾಗೆ. ಇದನ್ನು ಇವತ್ತೇ ನಿಲ್ಲಿಸಿ.

ಈ ಪ್ರಾಣಿ ನಂಟು ಕಟ್ಟಿಕೊಳ್ಳುವುದು ವಾಸನೆಯಿಂದ. ನೀವು ತೊಟ್ಟು ಬಿಟ್ಟ, ಒಗೆಯದ ಟೀ ಶರ್ಟಿನ ತುಂಡನ್ನು ಅದು ಮಲಗುವ ಚೀಲದಲ್ಲಿಡಿ. ಒಂದೆರಡು ದಿನ ಸುಮ್ನೆ ಬಿಡಿ. ಆಮೇಲೆ ಹಗಲು ಅದು ಮಲಗಿರುವಾಗಲೇ ಚೀಲದ ಬಾಯಿ ಮುಚ್ಚಿ ಕೊರಳಿಗೆ ಹಾಕಿಕೊಂಡು ಮನೆ ಕೆಲಸ ಮಾಡಿಕೊಳ್ಳಿ. ಚೀಲ ಫ್ಲೀಸ್ ಎಂಬ ಮೆತ್ತಗಿನ, ದಾರ ಬಿಡದ ಬಟ್ಟೆಯದಿರಲಿ, ಬೇರೆ ಬಟ್ಟೆಯ ಸಡಿಲ ದಾರಕ್ಕೆ ಉಗುರು ಸಿಕ್ಕಿಕೊಳ್ಳುತ್ತದೆ. ನಿಮ್ಮ ಬಿಸಿ, ದನಿ, ಎದೆ ಬಡಿತ ಎಲ್ಲಾ ನಿದ್ದೆಯಲ್ಲೇ ಅದಕ್ಕೆ ಪರಿಚಯವಾಗುತ್ತಾ ಹೋಗುತ್ತದೆ. ಸೆಂಟು, ಘಮಘಮ ಸೋಪು ಸದ್ಯಕ್ಕೆ ಬೇಡ.

ರಾತ್ರಿ ಅದು ಎದ್ದ ಮೇಲೆ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕುಳಿತುಕೊಳ್ಳಿ, ಮಗಳೂ ಜೊತೆಗಿರಲಿ. ಕಮೋಡಿನ ಮುಚ್ಚಳ ಮರೆಯದೆ ಮುಚ್ಚಿ, ಬಿದ್ದರೆ ಮುಳುಗಿ ಸಾಯುತ್ತದೆ. ಅದನ್ನು ಹಿಂಬಾಲಿಸಬೇಡಿ. ಸ್ವಲ್ಪ ಹೊತ್ತಿಗೆ ಅದೇ ಬಂದು ಮೈಮೇಲೆ ಹತ್ತಿ ಮೂಸುತ್ತದೆ. ಬೆರಳಿಗೆ ಚೂರೇ ಚೂರು ಸಪ್ಪೆ ಮೊಸರು ಸವರಿ ಕೊಡಿ, ಗಟ್ಟಿ ತಿಂಡಿಯಾದರೆ ಕಚ್ಚಲು ಕಲಿಯುತ್ತದೆ, ಮೊಸರಾದರೆ ನೆಕ್ಕುತ್ತದೆ. ಕಚ್ಚಿದರೂ ಕೈ ಝಾಡಿಸಬೇಡಿ, ಬೈಯಬೇಡಿ. ಕಚ್ಚಿದರೆ ಕೈ ಹೋಗುತ್ತದೆ ಅಂತ ಒಮ್ಮೆ ಗೊತ್ತಾದರೆ ಅದನ್ನೇ ಮತ್ತೆ ಮಾಡುತ್ತದೆ. ಕೆಲವು ವಾರಗಳಲ್ಲಿ ಒಗ್ಗುವುದುಂಟು, ತಿಂಗಳುಗಳು ಹಿಡಿಯುವುದೂ ಉಂಟು. ಇದು ಹಳೆಯ ಮನೆಯನ್ನೇ ಕಳೆದುಕೊಂಡು ಬಂದಿರುವ ಪ್ರಾಣಿ, ಅವಸರ ಮಾಡಬೇಡಿ ಪ್ಲೀಸ್.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಕಾಡಿನಲ್ಲಿ ಇವು ಮರದ ಪೊಟರೆಯೊಳಗೆ ಗುಂಪಾಗಿ ಮಲಗುತ್ತವೆ. ಒಂಟಿಯಾಗಿಟ್ಟರೆ ಕೊರಗಿ ತನ್ನ ಕೂದಲನ್ನೇ ಕಿತ್ತುಕೊಳ್ಳುವುದುಂಟು. ಜೋಡಿ ತಂದರೆ ನಿಮ್ಮನ್ನು ಮರೆಯುತ್ತದೆ ಎಂಬ ಹೆದರಿಕೆ ಬೇಡ. ಮೊದಲು ಎರಡು ಪಂಜರ ಬೇರೆ ಬೇರೆ ಇಟ್ಟು, ಮಲಗುವ ಬಟ್ಟೆಗಳನ್ನು ಅದಲುಬದಲು ಮಾಡಿ, ಆಮೇಲೆ ಸೇರಿಸಿ. ಹೆಣ್ಣನ್ನು ತರುವುದಾದರೆ ಅದಕ್ಕೂ ಮುಂಚೆ ನಿಮ್ಮ ಗಂಡಿಗೆ ಸಂತಾನಹರಣ ಮಾಡಿಸಿ. ಈ ಥರದ ಪ್ರಾಣಿಗಳನ್ನು ನೋಡುವ ವೈದ್ಯರನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಬರೀ ಹಣ್ಣು ತಿನ್ನಿಸಿದರೆ ಕ್ಯಾಲ್ಸಿಯಂ ಕಡಿಮೆಯಾಗಿ ಹಿಂಗಾಲು ಸೋಲುತ್ತದೆ. ಕಾಲೆಳೆಯುವುದು ಕಂಡರೆ ಅದೇ ದಿನ ತೋರಿಸಿ.