ಕ್ಯೂಆರ್ ಕೋಡ್ ಹಾಕಿದ್ದೇನೆ, ದುಡ್ಡು ಯಾಕೆ ಬರ್ತಿಲ್ಲ?

ಜಾಹೀರಾತಿಲ್ಲದೆ, ಕೇಳುಗರ ಹಣದಿಂದಲೇ ಪಾಡ್‌ಕಾಸ್ಟ್ ನಡೆಸುವುದು ಹೇಗೆ ಎಂದು ಕೇಳುವ ಪತ್ರಗಳಿಗೆ ಇಷ್ಟು ದಿನ ಒಂದೊಂದಾಗಿ ಉತ್ತರ ಬರೆಯುತ್ತಿದ್ದೆ. ಇನ್ನು ಆಗುವುದಿಲ್ಲ. ಹೆಚ್ಚಿನ ಪತ್ರಗಳಲ್ಲಿ ಅದೇ ಪ್ರಶ್ನೆ, ಅದೇ ತಪ್ಪು ತಿಳಿವಳಿಕೆ. ಹಾಗಾಗಿ ಒಟ್ಟಿಗೆ ಬರೆಯುತ್ತಿದ್ದೇನೆ. ಧ್ವನಿಮುದ್ರಣ, ಹೋಸ್ಟಿಂಗ್ ಇತ್ಯಾದಿ ಇಲ್ಲಿಲ್ಲ. ಈಗಾಗಲೇ ತಪ್ಪದೆ ಕಂತು ಹಾಕುತ್ತಿರುವವರಿಗೆ ಮಾತ್ರ ಇದು.

ಸಾಗರದ ಓದುಗರೊಬ್ಬರು: ಮಲೆನಾಡಿನ ಕೆರೆ, ಕಾಡು, ಜನರ ಬಗ್ಗೆ ಒಂದೂವರೆ ವರ್ಷದಿಂದ ಪಾಡ್‌ಕಾಸ್ಟ್ ಮಾಡುತ್ತಿದ್ದೇನೆ. ಪ್ರತಿ ಕಂತಿಗೂ 2,000 ಡೌನ್‌ಲೋಡ್ ಇದೆ. ಜಾಹೀರಾತು ಬೇಡ ಅಂತ ಆರು ತಿಂಗಳ ಹಿಂದೆ ಕ್ಯೂಆರ್ ಕೋಡ್ ಹಾಕಿದೆ. ಬಂದದ್ದು 1,140 ರೂಪಾಯಿ. ಕನ್ನಡಿಗರು ದುಡ್ಡು ಕೊಡಲ್ಲ ಅಂತಾರೆ ಗೆಳೆಯರು. ನಿಜಾನಾ?

ನಿಜ ಅಲ್ಲ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ ಓದುಗರ ಕಾಸಿನಲ್ಲೇ ನಡೆಯಿತು. ವಾರವಾರ ಅಂಗಡಿಗೆ ಹೋಗಿ ಕೊಂಡು ಓದಿದವರು ಕನ್ನಡಿಗರೇ. ಕರಾವಳಿಯ ಹರಕೆ ಆಟ, ಅಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನ ನೋಡಿ. ಖರ್ಚು ಒಂದು ಮನೆಯವರದು. ಆಟ ನೋಡುವುದು ಇಡೀ ಊರು, ಟಿಕೆಟ್ ಇಲ್ಲದೆ. ಕಟೀಲು, ಮಂದಾರ್ತಿ ಮೇಳಗಳಿಗೆ ಹರಕೆ ಹೇಳಿಕೊಂಡವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕೆಲವರು ಕೊಟ್ಟು ಎಲ್ಲರೂ ಕೇಳುವ ವ್ಯವಸ್ಥೆ ನಮಗೆ ಹೊಸದಲ್ಲ. ನೀವು ಕೇಳಿದ ರೀತಿ ಸರಿ ಇಲ್ಲ, ಅಷ್ಟೇ.

ಮೊದಲು ಕ್ಯೂಆರ್ ಕೋಡ್ ವಿಷಯ. ನಿಮ್ಮದು ಕಿವಿಗೆ ಹೇಳುವ ಕಾರ್ಯಕ್ರಮ. ಕೇಳುಗರು ಪಾತ್ರೆ ತೊಳೆಯುತ್ತಿರುತ್ತಾರೆ, ಗಾಡಿ ಓಡಿಸುತ್ತಿರುತ್ತಾರೆ, ಮೆಟ್ರೋದಲ್ಲಿ ನಿಂತಿರುತ್ತಾರೆ. ಫೋನ್ ಜೇಬಿನಲ್ಲಿದೆ. ನಿಮ್ಮ ಕೋಡ್ ಇರುವುದೂ ಅದೇ ಫೋನಿನ ಪರದೆಯಲ್ಲಿ. ಅದನ್ನು ಯಾವ ಫೋನಿನಿಂದ ಸ್ಕ್ಯಾನ್ ಮಾಡಬೇಕು? ಚಿತ್ರ ಉಳಿಸಿಕೊಂಡು ಆ್ಯಪ್‌ನಲ್ಲಿ ತೆರೆಯಬಹುದು, ನಿಜ. ಯಾರು ಅಷ್ಟು ಮಾಡುತ್ತಾರೆ? ಬಾಯಲ್ಲಿ ಹೇಳಿದರೆ ನೆನಪಿರುವಂಥ ಚಿಕ್ಕ ವಿಳಾಸ ಬೇಕು. ಕಂತಿನ ವಿವರಣೆಯ ಮೊದಲ ಸಾಲಿನಲ್ಲೇ ಅದರ ಲಿಂಕ್ ಇರಬೇಕು.

ಕ್ಯೂಆರ್‌ನ ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಒಬ್ಬರು ಪ್ರೀತಿಯಿಂದ 200 ರೂಪಾಯಿ ಹಾಕಿದರು ಅಂದುಕೊಳ್ಳಿ. ಅವರಿಗೆ ಧನ್ಯವಾದ ಹೇಳಲು ಒಂದು ಇಮೇಲ್ ವಿಳಾಸವೂ ನಿಮಗೆ ಸಿಗುವುದಿಲ್ಲ. ಮುಂದಿನ ತಿಂಗಳು ಅವರಾಗೇ ನೆನಪಿಟ್ಟು ಮತ್ತೆ ಹಾಕಬೇಕು. ಹಾಕುವುದಿಲ್ಲ. ಅದು ಅವರ ತಪ್ಪೂ ಅಲ್ಲ. ನಿಮಗೆ ಬೇಕಾದದ್ದು ಚಂದಾ. ನೀವು ಇಟ್ಟಿರುವುದು ಕಾಣಿಕೆ ಡಬ್ಬಿ. ಡಬ್ಬಿಗೆ ಮನಸ್ಸು ಬಂದಾಗ ಹಾಕುತ್ತಾರೆ. ಚಂದಾ ಅಂದರೆ ಪ್ರತಿ ತಿಂಗಳೂ ಇಷ್ಟು ಅಂತ ಒಮ್ಮೆ ಒಪ್ಪಿಕೊಂಡು ಮರೆತುಬಿಡುವುದು.

ಅದಕ್ಕೆ ಯುಪಿಐ ಆಟೋಪೇ ಇದೆ. 2020ರ ಜುಲೈನಲ್ಲೇ ಬಂದಿದೆ. ಹೆಚ್ಚಿನ ಪೇಮೆಂಟ್ ಗೇಟ್‌ವೇಗಳು, ಅಂದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿಗಳು, ಈ ಸೌಲಭ್ಯ ಕೊಡುತ್ತವೆ. ಶುಲ್ಕ ಸಾಮಾನ್ಯವಾಗಿ ಶೇ 2ರ ಆಸುಪಾಸು, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಅಂದರೆ 100 ರೂಪಾಯಿಯಲ್ಲಿ 2 ರೂಪಾಯಿ 36 ಪೈಸೆ ಹೋಗುತ್ತದೆ. ಹೋಗಲಿ. ಕೊಟ್ಟವರ ಹೆಸರು, ಇಮೇಲ್ ನಿಮ್ಮ ಕೈಗೆ ಬರುತ್ತದೆ.

ಚಂದಾ ಸಂಗ್ರಹಿಸಿಕೊಡುವ ವಿದೇಶಿ ವೇದಿಕೆಗಳ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹುಷಾರು. ಕಾರಣ ಇದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಕಾರ್ಡ್‌ಗಳ ತಿಂಗಳ ಕಡಿತಕ್ಕೆ ಹೊಸ ನಿಯಮ ತಂದಿತು. ಕೇಳುಗರು ಮೊದಲು ಒಟಿಪಿ ಕೊಟ್ಟು ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ಅವರಿಗೆ ಸಂದೇಶ ಹೋಗಬೇಕು. ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಒಂದು ಕಾರ್ಯಕ್ರಮದ ಚಂದಾ ಪೂರ್ತಿ ಒಂದು ವಿದೇಶಿ ವೇದಿಕೆಯ ಮೂಲಕ ಬರುತ್ತಿತ್ತು. ಆ ಒಂದೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಂದಾ ನಿಂತುಹೋಯಿತು. ಯಾರೂ ಬೇಕೆಂದು ನಿಲ್ಲಿಸಿರಲಿಲ್ಲ. ಕಾರ್ಡ್ ಕಡಿತ ಆಗಲಿಲ್ಲ, ಅಷ್ಟೇ. ಕೇಳುಗರ ಇಮೇಲ್ ಪಟ್ಟಿ ನಮ್ಮ ಹತ್ತಿರ ಬೇರೆಯಾಗಿ ಇರಲಿಲ್ಲ. ಮರಳಿ ಕರೆತರಲು ಒಂದು ವರ್ಷ ಹಿಡಿಯಿತು. ಹಾಗಾಗಿ ವೇದಿಕೆ ಯಾವುದೇ ಇರಲಿ, ಪಟ್ಟಿಯನ್ನು ಪ್ರತಿ ತಿಂಗಳೂ ಇಳಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಆ 24 ಗಂಟೆಯ ಸಂದೇಶ ಆಟೋಪೇಯಲ್ಲೂ ಇದೆ. ‘ನಾಳೆ ನಿಮ್ಮ ಖಾತೆಯಿಂದ 100 ರೂಪಾಯಿ ಕಡಿತವಾಗುತ್ತದೆ’ ಅಂತ ನಿಮ್ಮ ಕೇಳುಗರಿಗೆ ತಿಂಗಳಿಗೊಮ್ಮೆ ನೆನಪಾಗುತ್ತದೆ. ಯುಪಿಐ ಆ್ಯಪ್‌ಗೆ ಹೋಗಿ ರದ್ದು ಮಾಡಲು ಅರ್ಧ ನಿಮಿಷ ಸಾಕು. ಆ ಹೊತ್ತಿಗೆ ನಿಮ್ಮ ಕಂತು ಬಂದು ಮೂರು ವಾರ ಆಗಿದ್ದರೆ ರದ್ದಾಗುತ್ತದೆ. ಆ ವಾರವಷ್ಟೇ ಒಳ್ಳೆಯ ಕಂತು ಕೇಳಿದ್ದರೆ ಆಗುವುದಿಲ್ಲ. ಕಡಿತದ ದಿನವನ್ನು ತಿಂಗಳ ಮೊದಲ ವಾರಕ್ಕೆ ಇಡಿ, ಸಂಬಳ ಬಂದಿರುತ್ತದೆ. 25ಕ್ಕೆ ಇಟ್ಟರೆ ಖಾತೆಯಲ್ಲಿ ಹಣ ಇಲ್ಲದೆ ವಾಪಸಾಗುವುದೇ ಜಾಸ್ತಿ. ನಿಮ್ಮ ಅತ್ಯುತ್ತಮ ಕಂತು ಕಡಿತದ ದಿನಕ್ಕೆ ಎರಡು ದಿನ ಮೊದಲು ಹೊರಬರಲಿ.

ಈಗ ಲೆಕ್ಕ. 2,000 ಡೌನ್‌ಲೋಡ್ ಅಂದರೆ 2,000 ಕೇಳುಗರಲ್ಲ. ಫೋನು ತಾನಾಗೇ ಇಳಿಸಿಟ್ಟ ಕಂತೂ ಅದರಲ್ಲಿ ಸೇರಿದೆ. 2023ರಲ್ಲಿ ಆ್ಯಪಲ್ ತನ್ನ ಐಒಎಸ್ 17ರಲ್ಲಿ ಈ ತಾನಾಗೇ ಇಳಿಸುವ ಕ್ರಮವನ್ನು ಬದಲಿಸಿದಾಗ ಎಷ್ಟೋ ಕಾರ್ಯಕ್ರಮಗಳ ಅಂಕಿ ಕುಸಿಯಿತು. ಕೇಳುಗರು ಮಾತ್ರ ಅಷ್ಟೇ ಇದ್ದರು. ನಿಮಗೆ 1,500 ಖಾಯಂ ಕೇಳುಗರಿದ್ದಾರೆ ಅನ್ನೋಣ. ಲೆಕ್ಕ ಹಾಕುವಾಗ ನಾನು ನೂರಕ್ಕೆ ಇಬ್ಬರು ಕೊಡುತ್ತಾರೆ ಅಂತ ಇಟ್ಟುಕೊಳ್ಳುತ್ತೇನೆ, ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. 30 ಜನ. ತಿಂಗಳಿಗೆ 100ರಂತೆ 3,000 ರೂಪಾಯಿ. ಇದರಲ್ಲಿ ಮನೆ ನಡೆಯುವುದಿಲ್ಲ. ಕೆಲಸ ಬಿಡಬೇಡಿ. ಆದರೆ ಹೋಸ್ಟಿಂಗ್ ಖರ್ಚು, ತಿಂಗಳಿಗೆ ಎರಡು ಸಲ ಹಳ್ಳಿಗೆ ಹೋಗಿಬರುವ ಬಸ್ ಖರ್ಚು ಹುಟ್ಟುತ್ತದೆ. ಇಷ್ಟು ಸಣ್ಣ ಕನ್ನಡ ಕಾರ್ಯಕ್ರಮಕ್ಕೆ ಪ್ರತಿ ತಿಂಗಳೂ ತಪ್ಪದೆ 3,000 ಕೊಡುವ ಜಾಹೀರಾತುದಾರ ನನಗೆ ಈವರೆಗೆ ಸಿಕ್ಕಿಲ್ಲ.

‘ಸಾವಿರ ನಿಜ ಅಭಿಮಾನಿಗಳಿದ್ದರೆ ಸಾಕು, ಬದುಕು ನಡೆಯುತ್ತದೆ’ ಎಂಬ ಮಾತನ್ನು ಕೋರ್ಸ್ ಮಾರುವವರು ಎಲ್ಲ ಕಡೆ ಹೇಳುತ್ತಿದ್ದಾರೆ. ಅದು 2008ರಲ್ಲಿ ಅಮೆರಿಕದ ಲೇಖಕ ಕೆವಿನ್ ಕೆಲ್ಲಿ ಬರೆದದ್ದು. ಅವರ ಲೆಕ್ಕದಲ್ಲಿ ಒಬ್ಬೊಬ್ಬ ಅಭಿಮಾನಿಯಿಂದ ವರ್ಷಕ್ಕೆ 100 ಡಾಲರ್ ಉಳಿಯಬೇಕು. ಆ ಅರ್ಧವನ್ನು ಇವರು ಹೇಳುವುದೇ ಇಲ್ಲ. ಹಾಗೆಯೇ ರೇಡಿಯೋಟೋಪಿಯಾ ಎಂಬ ಅಮೆರಿಕದ ಪಾಡ್‌ಕಾಸ್ಟ್ ಬಳಗ 2014ರಲ್ಲಿ ಕೇಳುಗರಿಂದ 6 ಲಕ್ಷ ಡಾಲರ್‌ಗೂ ಹೆಚ್ಚು ಎತ್ತಿತು ಎಂಬ ಉದಾಹರಣೆ. ಅದರ ಹಿಂದೆ ಪಾಡ್‌ಕಾಸ್ಟರ್ ರೋಮನ್ ಮಾರ್ಸ್ ವರ್ಷಗಟ್ಟಲೆ ಬೆಳೆಸಿದ ಕೇಳುಗರ ಬಳಗ ಇತ್ತು, ಸಾರ್ವಜನಿಕ ರೇಡಿಯೋಗೆ ಹಣ ಕೊಟ್ಟು ರೂಢಿಯಿದ್ದ ದೇಶ ಇತ್ತು. ಅಲ್ಲಿಂದ ಕಲಿಯಬೇಕಾದ್ದು ಬೇರೆ ಇದೆ. ಮ್ಯಾಕ್ಸಿಮಮ್ ಫನ್ ಎಂಬ ಪಾಡ್‌ಕಾಸ್ಟ್ ಸಂಸ್ಥೆ ವರ್ಷಕ್ಕೊಂದು ನಿಗದಿತ ಅವಧಿಯಲ್ಲಿ ಗಟ್ಟಿಯಾಗಿ ಹಣ ಕೇಳುತ್ತದೆ, ಉಳಿದ ದಿನ ಕೇಳುಗರನ್ನು ಅಷ್ಟಾಗಿ ಪೀಡಿಸುವುದಿಲ್ಲ. ಹಾಗೆ ನಡೆದು ಗಟ್ಟಿಯಾಗಿ, 2023ರಲ್ಲಿ ಅದು ಕೆಲಸಗಾರರದೇ ಸಹಕಾರಿ ಸಂಸ್ಥೆಯಾಯಿತು.

ನೀವೂ ಹಾಗೇ ಮಾಡಿ. ವರ್ಷಕ್ಕೆ ಎರಡು ಸಲ, ಎರಡೆರಡು ವಾರ. ಗಣೇಶನ ಹಬ್ಬ, ರಾಜ್ಯೋತ್ಸವದ ತಿಂಗಳು ಬೇಡ. ಆಗ ಬೀದಿಬೀದಿಯಲ್ಲೂ ಚಂದಾ ಕೇಳುತ್ತಿರುತ್ತಾರೆ. ಯುಗಾದಿಯ ಹೊತ್ತು ಚೆನ್ನಾಗಿರುತ್ತದೆ. ಕಂತಿನ ಕೊನೆಯಲ್ಲಿ ಹಣ ಕೇಳಬೇಡಿ, ಅಷ್ಟು ಹೊತ್ತಿಗೆ ಹೆಚ್ಚಿನವರು ನಿಲ್ಲಿಸಿರುತ್ತಾರೆ. ನಮ್ಮೂರ ಹರಿಕಥೆಯಲ್ಲಿ ದಾಸರು ಕಥೆ ಬಿಗಿಯಾದ ಜಾಗದಲ್ಲಿ ನಿಲ್ಲಿಸಿ ಮಂಗಳಾರತಿ ತಟ್ಟೆ ಕಳಿಸುತ್ತಿದ್ದರು. ನೀವು ಹಣ ಕೇಳಬೇಕಾದ ಜಾಗವೂ ಅದೇ. ಕೇಳುವಾಗ ಹಲ್ಲು ಗಿಂಜಬೇಡಿ. ‘ಸಾಧ್ಯವಾದರೆ, ಬೇಜಾರಿಲ್ಲದಿದ್ದರೆ, ಏನಾದರೂ’ ಅಂದರೆ ಕೇಳಿಸಿಕೊಂಡವರಿಗೇ ಮುಜುಗರ. ಖರ್ಚು ಹೇಳಿ. ‘ಒಂದು ಕಂತಿಗೆ 1,400 ರೂಪಾಯಿ ಆಗುತ್ತದೆ. ತಿಂಗಳಿಗೆ 100 ಕೊಡುವ 30 ಜನ ಬೇಕು. ಈಗ 11 ಜನ ಇದ್ದಾರೆ.’ ಇಷ್ಟು ಸಾಕು. ತಿಂಗಳ ಕೊನೆಗೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಅದೇ ಪಾಡ್‌ಕಾಸ್ಟ್‌ನಲ್ಲಿ ಓದಿ ಹೇಳಿ. ಊರಿನ ಜಾತ್ರೆ ಸಮಿತಿಗೆ ಇರುವ ಲೆಕ್ಕದ ಹೊಣೆ ನಿಮಗೂ ಇದೆ.

ಕೊಟ್ಟವರಿಗೆ ಪ್ರತಿಯಾಗಿ ಏನು ಕೊಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಮುಂದಿನ ತಪ್ಪು ಅಲ್ಲೇ ಆಗುವುದು. ಪ್ರತಿ ತಿಂಗಳೂ ಒಂದು ಹೆಚ್ಚುವರಿ ಕಂತು ಕೊಡುತ್ತೇನೆ ಅಂತ ಒಪ್ಪಿಕೊಂಡರೆ ಆರು ತಿಂಗಳಲ್ಲಿ ಸುಸ್ತಾಗುತ್ತೀರಿ. 30 ಜನರಿಗಾಗಿ ಕೆಲಸ ಹೆಚ್ಚುತ್ತದೆ, 1,500 ಜನರ ಕಂತು ಸೊರಗುತ್ತದೆ. ಹೆಸರು ಓದಿ, ಅವರ ಪತ್ರಕ್ಕೆ ಉತ್ತರ ಕೊಡಿ. ಆಜೀವ ಚಂದಾ ಮಾತ್ರ ಯಾವತ್ತೂ ಇಡಬೇಡಿ. ಕನ್ನಡದ ಸಣ್ಣ ಪತ್ರಿಕೆಗಳ ಕಷ್ಟ ನೋಡಿದವರಿಗೆ ಇದು ಗೊತ್ತು. ದುಡ್ಡು ಒಂದು ಸಲ ಬರುತ್ತದೆ, ಮೊದಲ ವರ್ಷವೇ ಕರಗುತ್ತದೆ, ಕಳಿಸುವ ಜವಾಬ್ದಾರಿ ಮಾತ್ರ ಕೊನೆವರೆಗೂ ಉಳಿಯುತ್ತದೆ.

ಮೈಸೂರಿನಿಂದ: ಅಮೆರಿಕದಲ್ಲಿರುವ ಕನ್ನಡಿಗರು ದುಡ್ಡು ಕಳಿಸ್ತೀವಿ ಅಂತಿದ್ದಾರೆ. ನಮ್ಮದು ರಾಜಕೀಯ ವಿಶ್ಲೇಷಣೆ. ತಗೊಳ್ಳಬಹುದಾ?

ನಿಲ್ಲಿ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಸೆಕ್ಷನ್ 3 ಓದದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಸುದ್ದಿ, ಪ್ರಚಲಿತ ವಿದ್ಯಮಾನಗಳ ಧ್ವನಿ ಕಾರ್ಯಕ್ರಮ ತಯಾರಿಸುವ ಸಂಸ್ಥೆಗಳು, ಕಂಪನಿಗಳು ವಿದೇಶಿ ವಂತಿಗೆ ಪಡೆಯುವಂತಿಲ್ಲ. ಅವುಗಳ ಸಂಪಾದಕರು, ಮಾಲೀಕರೂ ಪಡೆಯುವಂತಿಲ್ಲ. ಅಲ್ಲಿರುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಾಯ್ದೆಯ ಲೆಕ್ಕದಲ್ಲಿ ಅವರು ವಿದೇಶಿ ಮೂಲವೇ. ಅಲ್ಲಿ ನೋಂದಾಯಿಸಿದ ಕನ್ನಡ ಕೂಟವೂ ಅಷ್ಟೇ. ಹುಟ್ಟಿದ್ದು ಮಂಡ್ಯದಲ್ಲಿ, ಮನೆಮಾತು ಕನ್ನಡ ಎಂಬುದನ್ನು ಕಾನೂನು ನೋಡುವುದಿಲ್ಲ. ಸೇವೆಗೆ ಪಡೆದ ಶುಲ್ಕಕ್ಕೆ ವಿನಾಯಿತಿ ಇದೆ ನಿಜ. ನಿಮ್ಮ ಚಂದಾ ಶುಲ್ಕವೋ ವಂತಿಗೆಯೋ ಅಂತ ನೀವೇ ತೀರ್ಮಾನ ಮಾಡಬೇಡಿ. ಈ ಕಾಯ್ದೆ ಗೊತ್ತಿರುವ ಲೆಕ್ಕಪರಿಶೋಧಕರ ಹತ್ತಿರ ಲಿಖಿತ ಅಭಿಪ್ರಾಯ ತಗೊಳ್ಳಿ. ಅದು ಸಿಗುವವರೆಗೂ ಪಾವತಿ ಪುಟದಲ್ಲಿ ವಿದೇಶಿ ಕಾರ್ಡ್‌ಗಳನ್ನು ಬಂದ್ ಮಾಡಿ. ನಾನು ಅತಿ ಹೆದರುತ್ತೇನೆ ಅಂತ ಗೆಳೆಯರು ಹೇಳುತ್ತಾರೆ. ಈ ವಿಷಯದಲ್ಲಿ ಹೆದರಿಕೆ ಇರಲಿ.

ಕೇಳುಗರು ಕೊಟ್ಟದ್ದು ಉಡುಗೊರೆ ಅಲ್ವಾ? ತೆರಿಗೆ ಯಾಕೆ?

ಅಲ್ಲ. ನೀವು ಕಾರ್ಯಕ್ರಮ ಮಾಡುತ್ತೀರಿ, ಅದಕ್ಕಾಗಿ ಹಣ ಬರುತ್ತದೆ. ಅದು ನಿಮ್ಮ ವೃತ್ತಿಯ ಆದಾಯ. ‘ಉಡುಗೊರೆ ಅಂತ ತೋರಿಸಿ’ ಎನ್ನುವ ಯೂಟ್ಯೂಬ್ ಸಲಹೆಗಾರರು ನೋಟಿಸ್ ಬಂದ ದಿನ ನಿಮ್ಮ ಜೊತೆ ನಿಲ್ಲುವುದಿಲ್ಲ. ಪಾಡ್‌ಕಾಸ್ಟ್‌ಗೆ ಬೇರೆ ಖಾತೆ ಇಡಿ. ಬಸ್ ಟಿಕೆಟ್ ಸಹಿತ ರಸೀದಿಗಳನ್ನು ಜೋಡಿಸಿಡಿ. ಜಿಎಸ್‌ಟಿ ನೋಂದಣಿ ಬೇಕಾಗುವುದು ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದಾಗ. ಸದ್ಯಕ್ಕೆ ಆ ಚಿಂತೆ ಬೇಡ.

ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ರಸೀದಿ ಕೊಡಬಹುದಾ?

ಅದಕ್ಕೆ ಅನುಮೋದನೆ ಪಡೆದ ಟ್ರಸ್ಟ್‌ನಂಥ ಸಂಸ್ಥೆ ಅಲ್ಲದಿದ್ದರೆ ಇಲ್ಲ.

15,000 ಕೊಟ್ಟರೆ ಒಂದು ಲಕ್ಷ ಡೌನ್‌ಲೋಡ್ ಕೊಡಿಸ್ತೀವಿ ಅಂತ ಒಂದು ಏಜೆನ್ಸಿ ಹೇಳ್ತಿದೆ.

ಮೋಸ. ಆ ಒಂದು ಲಕ್ಷದಲ್ಲಿ ಮನುಷ್ಯರೇ ಇರುವುದಿಲ್ಲ, ಯಂತ್ರಗಳು ಚಂದಾ ಕೊಡುವುದಿಲ್ಲ.

ಹಾಗಾದರೆ ಜಾಹೀರಾತು ತಗೊಳ್ಳುವುದೇ ತಪ್ಪಾ?

ತಪ್ಪಲ್ಲ. ಆದರೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಕಾಯ್ದೆ ನಿಷೇಧಿಸಿದೆ. ಹೊಸ ಹುಡುಗರ ಹತ್ತಿರ ಮೊದಲು ಬರುವವರು ಆ ಆಟದ ಕಂಪನಿಯವರೇ. ಬಾಗಿಲಲ್ಲೇ ಕಳಿಸಿಬಿಡಿ.

ಯಾವ ಮೈಕ್ ತಗೊಳ್ಳಲಿ?

ಇರುವುದರಲ್ಲೇ ಮಾಡಿ. ಚಂದಾ ಹಣದಲ್ಲಿ ಮೈಕ್ ಕೊಳ್ಳುವ ಮೊದಲು ಬಸ್ ಟಿಕೆಟ್ ಕೊಳ್ಳಿ.

ಧಾರವಾಡದಿಂದ: ಚಂದಾ ನಿಲ್ಲಿಸಿದವರಿಗೆ ಫೋನ್ ಮಾಡಿ ಕಾರಣ ಕೇಳಲಾ?

ಬೇಡವೇ ಬೇಡ. ಮೊದಲು ಗೇಟ್‌ವೇಯ ಪಟ್ಟಿ ತೆರೆದು, ಕಡಿತ ವಿಫಲವಾದದ್ದೋ ಅವರೇ ರದ್ದು ಮಾಡಿದ್ದೋ ನೋಡಿ. ಬ್ಯಾಂಕ್ ಖಾತೆ ಬದಲಿಸಿದವರು, ಹೊಸ ಫೋನ್ ತಗೊಂಡವರು, ತಮ್ಮ ಚಂದಾ ನಿಂತಿದೆ ಅಂತಲೇ ಗೊತ್ತಿಲ್ಲದವರು ಅದರಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರಿಗೆ ಹೊಸ ಲಿಂಕ್ ಇರುವ ಎರಡು ಸಾಲಿನ ಇಮೇಲ್ ಕಳಿಸಿ. ಅವರೇ ರದ್ದು ಮಾಡಿದ್ದರೆ, ಎಷ್ಟು ತಿಂಗಳು ಕೊಟ್ಟರು ಅಂತ ಲೆಕ್ಕ ನೋಡಿ, ಆ ತಿಂಗಳುಗಳಲ್ಲಿ ನೀವು ಮಾಡಿದ ಕಂತುಗಳ ಹೆಸರು ಬರೆದು ಧನ್ಯವಾದ ಹೇಳಿ. ಆ ಪತ್ರದಲ್ಲಿ ಪಾವತಿ ಲಿಂಕ್ ಇಡಬೇಡಿ.