ಆಸ್ಪತ್ರೆಯಿಂದ ಬಂದ ತಂದೆ ವಾಕರ್ ಹಿಡಿದು ನಡೆಯುತ್ತಾರೆ, ಬೇರೇನೂ ತಾವಾಗಿ ಮಾಡುವುದಿಲ್ಲ. ಇದು ಅರಳು ಮರಳೇ?

ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆ, ಫಿಜಿಯೋಥೆರಪಿ ಎರಡನ್ನೂ ಮುಗಿಸಿ ಸಿಂಧನೂರಿನ ಮನೆಗೆ ಮರಳಿರುವ ನಿಮ್ಮ ತಂದೆಯವರು ಸ್ನಾನಕ್ಕೂ ಬಟ್ಟೆಗೂ ನಿಮ್ಮನ್ನು, ಊಟಕ್ಕೆ ಸೊಸೆಯನ್ನು ಕಾಯುತ್ತಾರೆ, ಏನು ಕೇಳಿದರೂ “ಗೊತ್ತಿಲ್ಲ” ಎನ್ನುತ್ತಾರೆ ಎಂದು ಬರೆದಿದ್ದೀರಿ. ರಾಯಚೂರು ಜಿಲ್ಲೆಯಲ್ಲಿ ಇಂಥ ಹಿರಿಯರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಸ್ಟ್ ಆಗಿ ನಾನು ಹೇಳುವುದಿಷ್ಟು: ಮರೆವಿನ ಕಾಯಿಲೆ ಎಂದು ತೀರ್ಮಾನಿಸುವ ಮೊದಲು ಅವರ ಮನಸ್ಸು ಕುಗ್ಗಿದೆಯೇ ಎಂಬುದನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ.

ಮರೆವಿನ ಕಾಯಿಲೆಯವರು ಹೆಚ್ಚಾಗಿ ಏನಾದರೊಂದು ಉತ್ತರ ಕೊಟ್ಟು ಮರೆವನ್ನು ಮುಚ್ಚಿಕೊಳ್ಳಲು ನೋಡುತ್ತಾರೆ. ಖಿನ್ನತೆಯಲ್ಲಿರುವವರು ಯೋಚಿಸುವ ಗೋಜಿಗೇ ಹೋಗದೆ “ಗೊತ್ತಿಲ್ಲ” ಎಂದುಬಿಡುತ್ತಾರೆ. ಇದೊಂದರಿಂದಲೇ ರೋಗ ನಿರ್ಧಾರವಾಗದು, ಆದರೆ ವೈದ್ಯರಿಗೆ ತಿಳಿಸಲೇಬೇಕಾದ ಸಂಗತಿ ಇದು. ಹಿರಿಯರ ಖಿನ್ನತೆಯನ್ನು ಗುರುತಿಸಲು ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕಾದ 15 ಪ್ರಶ್ನೆಗಳ ಪಟ್ಟಿಯಿದೆ. ಅಕ್ಷರ ಬಾರದವರಿಗೂ ಅದನ್ನು ಓದಿ ಹೇಳಿ ಕೇಳಬಹುದು. ಆದರೆ ನೆನಪು, ಬುದ್ಧಿಶಕ್ತಿಯನ್ನು ಅಳೆಯಲು 1975ರಲ್ಲಿ ರೂಪುಗೊಂಡ 30 ಅಂಕಗಳ ಪರೀಕ್ಷೆಯಲ್ಲಿ ವಾಕ್ಯ ಬರೆಯುವುದು, ಚಿತ್ರ ನೋಡಿ ಹಾಗೆಯೇ ಬಿಡಿಸುವುದು ಸೇರಿರುವುದರಿಂದ, ಶಾಲೆಯ ಮೆಟ್ಟಿಲು ಹತ್ತದ ರೈತರಿಗೆ ಅದರಲ್ಲಿ ಅಂಕ ಕಡಿಮೆ ಬಂದ ಮಾತ್ರಕ್ಕೆ ಬುದ್ಧಿ ಮಂಕಾಗಿದೆ ಎನ್ನಲಾಗದು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಗೊಂದಲ ಹೆಚ್ಚುವಂತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ನಿದ್ರೆಯ ಮಾತ್ರೆ ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು.

ದೊಡ್ಡವರಿಗೆ ಎಲ್ಲವನ್ನೂ ಕುಳಿತಲ್ಲಿಗೇ ಒದಗಿಸುವುದು ನಮ್ಮ ಕಡೆ ಮರ್ಯಾದೆಯ ಲಕ್ಷಣ, ಅದರ ಹಿಂದಿನ ಪ್ರೀತಿಯನ್ನು ನಾನು ಬಲ್ಲೆ. ಆದರೂ ಅವರ ಕೈಲಾಗುವುದನ್ನು ಅವರಿಗೇ ಬಿಡಬೇಕು. ದೋತರ ಉಡುವುದನ್ನೇ ನೋಡಿ: ನೆರಿಗೆ ಹಿಡಿಯಬೇಕು, ತುದಿಯನ್ನು ಕಾಲ ನಡುವೆ ತಂದು ಹಿಂದೆ ಕಚ್ಚೆ ಸಿಕ್ಕಿಸಬೇಕು, ಅಷ್ಟು ಹೊತ್ತು ವಾಕರ್ ಬಿಟ್ಟು ನಿಲ್ಲಬೇಕು. ಬೆರಳಿನ ಹಿಡಿತ, ದೇಹದ ಸಮತೋಲನ, ಒಂದಾದ ಮೇಲೊಂದು ಏನೆಂಬ ನೆನಪು ಮೂರೂ ಅದರಲ್ಲಿವೆ. ಮೊದಲು ಮಂಚದ ಮೇಲೆ ಕೂರಿಸಿ ನೆರಿಗೆಯನ್ನಷ್ಟೇ ಹಿಡಿಸಿ. ಮುಂದೆ ಮಂಚಕ್ಕೆ ಕಾಲು ತಾಗುವಂತೆ ನಿಲ್ಲಿಸಿ, ನೀವು ಪಕ್ಕದಲ್ಲೇ ಇದ್ದು ಉಳಿದದ್ದನ್ನು ಮಾಡಿಸಿ. ಅರ್ಧ ಗಂಟೆ ಹಿಡಿದರೂ ನಡುವೆ ಕೈ ಹಾಕಬೇಡಿ. ಬಾಗಬಾರದು ಎಂದು ಶಸ್ತ್ರಚಿಕಿತ್ಸಕರು ಹೇಳಿದ್ದರೆ ಅದನ್ನು ಮೀರಬಾರದು.

“ನಾನಿದ್ದು ಏನು ಪ್ರಯೋಜನ” ಎಂಬಂಥ ಮಾತು ಅವರ ಬಾಯಲ್ಲಿ ಬಂದರೆ ವಯಸ್ಸಾದವರು ಆಡುವುದೇ ಹೀಗೆ ಎಂದು ತಳ್ಳಿಹಾಕದೆ ಅಂದೇ ಮನೋವೈದ್ಯರನ್ನು ಕಾಣಿ. ತಕ್ಷಣ ಸಿಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.